ಚಕ್ಕೋತ ತಿಂದ ಚೌತಿ

ಮೊನ್ನೆ ಮಾಂಬಲಂ ಸ್ಟೇಷನ್ನಿನಲ್ಲಿ ಇಳಿದು ಮನೆ ಕಡೆ ನಡೆಯುತ್ತಿದ್ದೆ. ಚೌತಿ ಹತ್ತಿರ ಬಂತೆಂದರೆ ವೆಸ್ಟ್ ಮಾಂಬಲಂನ ಗಲ್ಲಿಗಳಲ್ಲಿ ಕಾಲಿಡುವುದಕ್ಕೆ ಜಾಗವಿರುವುದಿಲ್ಲ. ಒಂದು ಕಡೆ ಹಸಿ ಮಣ್ಣಿನ ಪಿಳ್ಳೆಯಾರ್‌ಗಳು, ಅಂದರೆ ನಮ್ಮ ಗಣಪತಿಗಳು, ಅವುಗಳ ತಲೆಗೆ ಹಿಡಿಯುವ ಬಣ್ಣದ ಕಾಗದದ ಕೊಡೆಗಳು. ಇನ್ನೊಂದು ಕಡೆ ಎಕ್ಕದ ಹೂವಿನ ಹಾರ, ಗರಿಕೆ, ಬೇಲದ ಹಣ್ಣು. ಇವುಗಳ ನಡುವೆ ಒಬ್ಬಾಕೆ ಚಕ್ಕೋತದ ಗುಡ್ಡೆ ಹಾಕಿಕೊಂಡು ಕೂತಿದ್ದಳು. ನಾನು ನೋಡುತ್ತಿದ್ದ ಹಾಗೇ ಒಂದನ್ನು ಕೊಯ್ದು ಸಿಪ್ಪೆ ಬಿಡಿಸಿದಳು. ಆ ಸಿಪ್ಪೆಯ ಘಾಟು ವಾಸನೆ ಮೂಗಿಗೆ ಬಡಿದದ್ದೇ ತಡ, ನಾನು ಅಲ್ಲೇ ನಿಂತುಬಿಟ್ಟೆ.

"ಎಡುತ್ತುಕ್ಕೋಂಗಮ್ಮಾ, ತೇನ್ ಮಾದಿರಿ ಇರುಕ್ಕುಂ" ಎಂದಳು. ತಗೊಳ್ಳಿ, ಜೇನಿನ ಹಾಗಿದೆ ಅಂತ.

"ಗೊತ್ತು. ಈ ಹಣ್ಣು ನಮ್ಮ ಮನೆಯವರನ್ನು ಒಂದು ಸಲ ಆಸ್ಪತ್ರೆಗೆ ಸೇರಿಸಿತ್ತು" ಎಂದೆ, ನನ್ನ ಹರಕು ತಮಿಳಿನಲ್ಲಿ.

ಅವಳು ಚಾಕು ಹಿಡಿದುಕೊಂಡೇ ನನ್ನನ್ನು ಮೇಲಿಂದ ಕೆಳಗೆ ನೋಡಿದಳು. ಅಷ್ಟು ಹೇಳಿದ ಮೇಲೂ ನಾನು ಬಗ್ಗಿ ಎರಡು ದೊಡ್ಡ ಹಣ್ಣು ಆರಿಸುವುದಕ್ಕೆ ಶುರು ಮಾಡಿದ್ದು ಅವಳಿಗೆ ಇನ್ನೂ ವಿಚಿತ್ರವಾಗಿ ಕಂಡಿರಬೇಕು.

ನಾನು ಹಾಸನದ ಕಡೆಯವಳು. ಅಣ್ಣಾ ನಗರದ ಒಂದು ಶಾಲೆಯಲ್ಲಿ ಮಕ್ಕಳಿಗೆ ಗಣಿತ ಹೇಳಿಕೊಡುತ್ತೇನೆ. ಇವರು, ಅಂದರೆ ನನ್ನ ಗಂಡ ಗಣಪತಿ, ಕುಮಟಾ ಕಡೆಯ ಹವ್ಯಕರು. ಮಾವನವರು ಕಟ್ಟಿದ ಸಸ್ಯಾಹಾರಿ ಹೋಟೆಲನ್ನು ವೆಸ್ಟ್ ಮಾಂಬಲಂನಲ್ಲೇ ನಡೆಸುತ್ತಾರೆ. ಮಗಳು ಮೇಧಾ ಹುಟ್ಟಿದ್ದೂ ಬೆಳೆದದ್ದೂ ಇಲ್ಲೇ. ನಾನು ಹಾಸನದ ಕನ್ನಡದಲ್ಲಿ ಕೇಳಿದ್ದಕ್ಕೆ ಅವರಪ್ಪ ಕುಮಟಾದ ಕನ್ನಡದಲ್ಲಿ ಉತ್ತರ ಕೊಡುತ್ತಾರೆ, ಮಗಳು ಇಬ್ಬರಿಗೂ ತಮಿಳಿನಲ್ಲಿ. ಹೊಸಬರು ಯಾರಾದರೂ ಮನೆಗೆ ಬಂದರೆ ನಾವು ಜಗಳವಾಡುತ್ತಿದ್ದೇವೋ ಮಾತಾಡುತ್ತಿದ್ದೇವೋ ಎಂದು ಸ್ವಲ್ಪ ಹೊತ್ತು ಗೊಂದಲ ಬೀಳುತ್ತಾರೆ.

ಹೋಟೆಲಿನಲ್ಲಿ ಮಾವನವರ ಕಾಲದ ಒಂದು ಪದ್ಧತಿ ಇದೆ. ಬೆಳಿಗ್ಗೆ ಷಟರ್ ಎತ್ತುವ ಮುಂಚೆ ಯಜಮಾನ ಅಡುಗೆಮನೆಗೆ ಹೋಗಿ ನಿಲ್ಲಬೇಕು. ಮುಖ್ಯ ಅಡುಗೆಯವನು ಸುಬ್ರಾಯಣ್ಣ ಸೌಟಿನಿಂದ ಒಂದಿಷ್ಟು ಸಾಂಬಾರ್ ಯಜಮಾನನ ಅಂಗೈಗೆ ಸುರಿಯುತ್ತಾನೆ. ಸುಡುಸುಡು ಸಾಂಬಾರನ್ನು ಅಂಗೈಯಿಂದಲೇ ನೆಕ್ಕಿ, ಕಣ್ಣು ಮುಚ್ಚಿ, "ಹ್ಞಾಂ" ಎನ್ನಬೇಕು. ಆ "ಹ್ಞಾಂ" ಬೀಳುವವರೆಗೆ ಒಂದು ಇಡ್ಲಿಯೂ ಹೊರಗೆ ಹೋಗುವುದಿಲ್ಲ. ಚಮಚದಲ್ಲಿ ನೋಡಿದರೆ ಆಗುವುದಿಲ್ಲವಾ ಎಂದು ಮದುವೆಯಾದ ಹೊಸದರಲ್ಲಿ ಕೇಳಿದ್ದೆ. "ಚಮಚಕ್ಕೆ ಬಿಸಿ ಗೊತ್ತಾಗ್ತದಾ ಮಾರಾಯ್ತಿ?" ಎಂದಿದ್ದರು. ಇವರ ನಾಲಿಗೆಯ ಮೇಲೆ ಇವರಿಗಿದ್ದಷ್ಟು ಹೆಮ್ಮೆ ನನ್ನ ಮೇಲೂ ಇರಲಿಲ್ಲ.

ಇಂಥ ಮನುಷ್ಯನಿಗೆ ಕೆಲವು ವರ್ಷಗಳ ಹಿಂದೆ ಮಾಘ ಮಾಸದಲ್ಲಿ ಊಟ ಸೇರದಾಯಿತು. ಕಾಲು ಊದಿಕೊಂಡಿತು. ಹೋಟೆಲಿನವರ ಹೊಟ್ಟೆ ಎಂದು ನಾವೆಲ್ಲ ನಗುತ್ತಿದ್ದ ಹೊಟ್ಟೆಯಲ್ಲಿ ನೀರು ತುಂಬಿದೆ ಎಂದರು. ಸಕ್ಕರೆ ಕಾಯಿಲೆಯೂ ಬೊಜ್ಜೂ ಸೇರಿಕೊಂಡು ವರ್ಷಗಟ್ಟಲೆ ಸದ್ದಿಲ್ಲದೆ ಲಿವರನ್ನು ಕಲ್ಲು ಮಾಡಿಬಿಟ್ಟಿದ್ದವು. ಹನಿ ಹೆಂಡ ಮುಟ್ಟದವರಿಗೆ ಲಿವರ್ ಕೆಟ್ಟಿದೆ ಎಂದರೆ ನಮ್ಮ ಬೀದಿಯಲ್ಲಿ ಯಾರೂ ನಂಬಲಿಲ್ಲ. ಎದುರು ಮನೆ ಮಾಮಿ ನನ್ನ ಕೈ ಹಿಡಿದುಕೊಂಡು, ಗಂಡಸರು ಹೊರಗೆ ಏನು ಮಾಡುತ್ತಾರೋ ನಮಗೆ ಹೇಗೆ ಗೊತ್ತಾಗಬೇಕು ಎಂದು ಸಮಾಧಾನ ಹೇಳಿದರು. ಅವರ ಸಮಾಧಾನ ಕೇಳಿ ನನಗೆ ಮೈಯೆಲ್ಲ ಉರಿಯಿತು.

ಸ್ಕ್ಯಾನಿನಲ್ಲಿ ಇನ್ನೊಂದು ಕಂಡಿತು. ಆ ಕಲ್ಲಾದ ಲಿವರಿನೊಳಗೆ ನೆಲ್ಲಿಕಾಯಿ ಗಾತ್ರದ ಒಂದು ಗಡ್ಡೆ. ನಮ್ಮನ್ನು ನೋಡುತ್ತಿದ್ದ ಡಾಕ್ಟರಮ್ಮ ಮಾತು ನುಂಗುವವರಲ್ಲ. ಕ್ಯಾನ್ಸರ್ ಎಂದರು. ಗಡ್ಡೆ ಒಂದೇ ಇದೆ, ಚಿಕ್ಕದಾಗಿದೆ, ಚಿತ್ರದಲ್ಲಿ ಲಿವರಿನ ಸಾಮಾನ್ಯ ಕ್ಯಾನ್ಸರಿನ ಹಾಗೇ ಕಾಣುತ್ತಿದೆ, ಆದರೆ ಉಳಿದ ಲಿವರ್ ಗಟ್ಟಿಯಾಗಿರುವುದರಿಂದ ಗಡ್ಡೆಯೊಂದನ್ನೇ ಕೊಯ್ದು ತೆಗೆಯುವ ಹಾಗಿಲ್ಲ, ಇಡೀ ಲಿವರನ್ನೇ ಬದಲಾಯಿಸಬೇಕು ಎಂದರು. ಆರೋಗ್ಯವಾಗಿರುವ ಹತ್ತಿರದವರು ಒಬ್ಬರು ಅರ್ಧಕ್ಕಿಂತ ಹೆಚ್ಚು ಲಿವರ್ ಕೊಟ್ಟರೆ, ಕೊಟ್ಟವರಲ್ಲೂ ಪಡೆದವರಲ್ಲೂ ಅದು ಮತ್ತೆ ಬೆಳೆದುಕೊಳ್ಳುತ್ತದಂತೆ.

ರಕ್ತದ ಗುಂಪು ಹೊಂದಿದ್ದು ನನಗೆ. ಜಾತಕ ಹೊಂದುವುದಿಲ್ಲ ಎಂದು ಮದುವೆಗೆ ಮುಂಚೆ ನಮ್ಮ ದೊಡ್ಡಪ್ಪ ಎಷ್ಟು ಕೂಗಾಡಿದ್ದರು! ಅದನ್ನು ನೆನೆದು ಇವರು ಆಸ್ಪತ್ರೆಯ ಬೆಂಚಿನ ಮೇಲೆ ಕೂತು ನಕ್ಕರು. ನಗುತ್ತಾ ನಗುತ್ತಾ ಅತ್ತರು.

ದಾನಕ್ಕೆ ಒಪ್ಪಿಗೆ ಕೊಡುವ ಸಮಿತಿಯ ಮುಂದೆ ನನ್ನನ್ನು ಒಬ್ಬಳನ್ನೇ ಕೂರಿಸಿ ಕೇಳಿದರು. ಯಾರಾದರೂ ನಿಮ್ಮನ್ನು ಬಲವಂತ ಮಾಡಿದ್ದಾರಾ? "ಮದುವೆಯಾದಾಗಿನಿಂದ ಈ ಮನುಷ್ಯನ ಕೈಲಿ ನನ್ನಿಂದ ಒಂದು ಕೆಲಸವನ್ನೂ ಬಲವಂತವಾಗಿ ಮಾಡಿಸೋಕಾಗಿಲ್ಲ ಸಾರ್" ಎಂದೆ. ಒಬ್ಬರು ನಕ್ಕರು. ಒಬ್ಬರು ನಗದೆ ಬರೆದುಕೊಂಡರು. ಹೆದರಿಕೆ ಇರಲಿಲ್ಲ ಎಂದರೆ ಸುಳ್ಳಾಗುತ್ತದೆ. ಮಗಳ ಮುಖ ಕಣ್ಣ ಮುಂದೆ ಬಂದಾಗೆಲ್ಲ, ಇಬ್ಬರೂ ಒಂದೇ ದಿನ ಮೇಜಿನ ಮೇಲೆ ಮಲಗುತ್ತೇವಲ್ಲ ಎಂಬ ಯೋಚನೆ ಬೆನ್ನು ಹತ್ತುತ್ತಿತ್ತು.

ಕತ್ತರಿ ಬಿಸಿಲು ಎಂದು ಇಲ್ಲಿಯವರು ಕರೆಯುವ ಉರಿಬೇಸಿಗೆಯಲ್ಲಿ ಆಪರೇಷನ್ ಆಯಿತು. ಹೊರಗೆ ಡಾಂಬರು ಕರಗುತ್ತಿದ್ದರೆ ಒಳಗೆ ನಾನು ಚಳಿಯಲ್ಲಿ ನಡುಗುತ್ತಾ ಕಣ್ಣು ಬಿಟ್ಟೆ. ಮೇಧಾ ಮುಖಕ್ಕೆ ಮುಖ ಹತ್ತಿರ ತಂದು "ಅಪ್ಪಾವುಕ್ಕು ಒಣ್ಣುಂ ಆಗಲೆ ಮ್ಮಾ" ಎಂದಳು. ಅಪ್ಪನಿಗೆ ಏನೂ ಆಗಿಲ್ಲಮ್ಮಾ. ತಮಿಳು ಅಷ್ಟು ಇಂಪಾದ ಭಾಷೆ ಎಂದು ನನಗೆ ಅವತ್ತೇ ಗೊತ್ತಾದದ್ದು.

ನಾನು ಮೊದಲು ಮನೆಗೆ ಬಂದೆ, ಇವರು ಆಮೇಲೆ. ಅಷ್ಟರಲ್ಲಿ ಕುಮಟಾದಿಂದ ಅತ್ತೆ ಬಂದು ಅಡುಗೆಮನೆ ಹಿಡಿದಿದ್ದರು. ಇವರು ಆಯಿ ಎಂದು ಕರೆಯುವುದು ನೋಡಿ ನಾನೂ ಆಯಿ ಎಂದೇ ಕರೆಯುವುದು. ಆಯಿಗೆ ತಮಿಳು ಒಂದಕ್ಷರ ಬಾರದು. ಆದರೆ ಆಸ್ಪತ್ರೆಯವರು ಹೇಳಿ ಕಳಿಸಿದ ನೇಮಗಳನ್ನು ನನ್ನಿಂದ ಒಂದೊಂದಾಗಿ ಕೇಳಿಸಿಕೊಂಡು ಮಡಿಗಿಂತ ಹೆಚ್ಚು ಕಟ್ಟುನಿಟ್ಟಾಗಿ ಪಾಲಿಸಿದರು. ಹೊಸ ಲಿವರನ್ನು ಮೈ ಹೊರಗಿನದೆಂದು ತಿರಸ್ಕರಿಸಬಾರದು ಎಂದು ಇವರಿಗೆ ದಿನಾ ಎರಡು ಹೊತ್ತು ಗುಳಿಗೆ. ಆ ಗುಳಿಗೆಯಿಂದ ಮೈಯ ಕಾವಲು ತಗ್ಗುತ್ತದೆ, ಸಣ್ಣ ಸೋಂಕೂ ದೊಡ್ಡದಾಗುತ್ತದೆ. ಆದ್ದರಿಂದ ಹಸಿ ತರಕಾರಿ ಇಲ್ಲ, ಹೊರಗಿನ ತಿಂಡಿ ಇಲ್ಲ, ಮನೆಯಲ್ಲಿ ಹೂವಿನ ಕುಂಡ ಇಲ್ಲ, ಬಂದವರೆಲ್ಲ ಮಾಸ್ಕ್ ಹಾಕಬೇಕು. ಹಣ್ಣು ತಿನ್ನುವುದಾದರೆ ದಪ್ಪ ಸಿಪ್ಪೆಯದು ಮಾತ್ರ, ಸಿಪ್ಪೆ ತೊಳೆದು ಸುಲಿದು. ಗ್ರೇಪ್‌ಫ್ರೂಟ್ ಎಂಬ ಹಣ್ಣು ಮಾತ್ರ ಕೂಡದು. ಅದನ್ನು ನಾವು ಯಾರೂ ಜನ್ಮದಲ್ಲಿ ಕಂಡವರಲ್ಲ, ಬಿಡುವುದಕ್ಕೆ ಏನು ಕಷ್ಟ ಎಂದುಕೊಂಡೆವು. ಕಷಾಯದ ಸುದ್ದಿ ಎತ್ತಬಾರದು ಎಂದದ್ದು ಆಯಿಗೆ ಮನಸ್ಸಿಗೆ ಚುಚ್ಚಿತು. ಊರಿಂದ ಗಂಟು ಕಟ್ಟಿ ತಂದಿದ್ದ ನೆಲನೆಲ್ಲಿ, ಅಮೃತಬಳ್ಳಿ ಎಲ್ಲವನ್ನೂ ವಾಪಸು ಚೀಲಕ್ಕೆ ಸೇರಿಸಿದರು.

ಸುಬ್ರಾಯಣ್ಣನಿಗೆ ಮಾತ್ರ "ಹ್ಞಾಂ" ಇಲ್ಲದೆ ಕೈಕಾಲು ಆಡಲಿಲ್ಲ. ದಿನಾ ಬೆಳಿಗ್ಗೆ ಸಣ್ಣ ಹಿಡಿಕೆಯ ಡಬ್ಬಿಯಲ್ಲಿ ಸಾಂಬಾರ್ ಮನೆಗೆ ಬರುತ್ತಿತ್ತು. ಆಯಿ ಅದನ್ನು ಮತ್ತೆ ಕುದಿಸಿ ಕುದಿಸಿ ಪ್ರಾಣ ತೆಗೆದು ಕೊಡುವರು. ಇವರು ಅಂಗೈಗೆ ಸುರಿದುಕೊಂಡು ನೆಕ್ಕಿ ಫೋನಿನಲ್ಲಿ "ಹ್ಞಾಂ" ಎನ್ನುವರು. ಆಮೇಲೆ ಅಲ್ಲಿ ಷಟರ್ ಏಳುವುದು.

ಆ "ಹ್ಞಾಂ" ಸುಳ್ಳು ಎಂದು ನನಗೆ ಒಬ್ಬಳಿಗೇ ಗೊತ್ತಿತ್ತು. ಇವರ ನಾಲಿಗೆ ಸತ್ತುಹೋಗಿತ್ತು. ಉಪ್ಪು, ಹುಳಿ, ಸಿಹಿ ಎಲ್ಲವೂ ತಗಡು ನೆಕ್ಕಿದ ಹಾಗೆ ಎನ್ನುತ್ತಿದ್ದರು. ಔಷಧಿಯಿಂದ ಹಾಗಾಗುತ್ತದೆ, ಬರಬರುತ್ತಾ ಸರಿ ಹೋಗುತ್ತದೆ ಎಂದು ಡಾಕ್ಟರಮ್ಮ ಹೇಳಿದ್ದರು. ಇವರು ನಂಬಲಿಲ್ಲ. ಬಾಲ್ಕನಿಯಲ್ಲಿ ಕೂತು ಮಾಂಬಲಂನಿಂದ ಹೊರಟ ರೈಲುಗಳ ಸದ್ದು ಕೇಳುತ್ತಾ, "ಬದುಕಿ ಎಂತ ಮಾಡ್ಲಿ ಹೇಳು, ಇಡ್ಲಿಗೂ ಥರ್ಮೋಕೋಲಿಗೂ ವ್ಯತ್ಯಾಸ ಗೊತ್ತಾಗದೆ?" ಎಂದು ಕೇಳುವರು. "ನಮ್ಮ ಸ್ಕೂಲ್ ಕ್ಯಾಂಟೀನಿನಲ್ಲಿ ಇಡ್ಲಿ ತಿಂದೋರಿಗೂ ಅದು ಗೊತ್ತಾಗಲ್ಲ, ಅವರೆಲ್ಲ ಬದುಕಿಲ್ವಾ?" ಎನ್ನುತ್ತಿದ್ದೆ ನಾನು.

ಸಂಜೆ ಹೊತ್ತು ಕಡಲ ಗಾಳಿ ಬೀಸಲು ಶುರುವಾಗಿ ಬಿಸಿಲು ಸ್ವಲ್ಪ ಇಳಿಮುಖವಾಗಿದ್ದ ಸಮಯ. ತಪಾಸಣೆಗೆಂದು ಹೋದಾಗ ಡಾಕ್ಟರಮ್ಮ ನಮ್ಮಿಬ್ಬರನ್ನೂ ಕೂರಿಸಿ ಬಾಗಿಲು ಹಾಕಿಸಿದರು. ತೆಗೆದ ಲಿವರನ್ನು ಪರೀಕ್ಷೆಗೆ ಕಳಿಸಿದ್ದರಲ್ಲ, ಆ ವರದಿ ಬಂದಿತ್ತು. ಗಡ್ಡೆ ಅಂದುಕೊಂಡ ಹಾಗಿರಲಿಲ್ಲ. ಅದರೊಳಗೆ ಎರಡು ಬಗೆಯ ಕ್ಯಾನ್ಸರ್ ಬೆರೆತುಕೊಂಡಿತ್ತು. ಒಂದು ಲಿವರಿನದು, ಇನ್ನೊಂದು ಪಿತ್ತನಾಳದ ಜಾತಿಯದು. ಇಂಥ ಮಿಶ್ರ ಗಡ್ಡೆ ಅಪರೂಪ, ಎಷ್ಟೋ ಸಲ ಹೀಗೆ ಲಿವರ್ ಹೊರಗೆ ಬಂದ ಮೇಲೆಯೇ ಗೊತ್ತಾಗುವುದು ಎಂದರು.

"ಮೊದಲೇ ಗೊತ್ತಾಗಿದ್ದರೆ?" ಎಂದು ನಾನು ಕೇಳಿದೆ.

ಡಾಕ್ಟರಮ್ಮ ಮುಚ್ಚುಮರೆಯಿಲ್ಲದೆ ಹೇಳಿದರು. ಮಿಶ್ರ ಗಡ್ಡೆ ಎಂದು ಮೊದಲೇ ತಿಳಿದರೆ ಬಹಳ ಕಡೆ ಲಿವರ್ ಬದಲಿಸುವುದಕ್ಕೆ ಹಿಂಜರಿಯುತ್ತಾರೆ, ಏಕೆಂದರೆ ಅದು ತಿರುಗಿ ಬರುವ ಸಂಭವ ಸಾಮಾನ್ಯದ್ದಕ್ಕಿಂತ ಹೆಚ್ಚು. ನಾವೂ ಹಿಂಜರಿಯುತ್ತಿದ್ದೆವೇನೋ, ಖಂಡಿತ ಹೇಳಲಾರೆ. ಆದರೆ ನಿಮ್ಮವರದು ಚಿಕ್ಕದು, ಒಂದೇ ಒಂದು, ರಕ್ತನಾಳದೊಳಕ್ಕೆ ನುಗ್ಗಿರಲಿಲ್ಲ. ಇಂಥವರು ಚೆನ್ನಾಗಿ ಬದುಕಿ ಬಾಳಿದ್ದನ್ನು ನಾವು ಕಂಡಿದ್ದೇವೆ. ತಿಂಗಳುಗಟ್ಟಲೆ ಸ್ಕ್ಯಾನ್ ಮಾಡುತ್ತಾ ಕಣ್ಣಿಟ್ಟಿರಬೇಕು, ಬರುವುದಾದರೆ ಮೊದಲ ಒಂದೆರಡು ವರ್ಷದಲ್ಲೇ ಬರುವುದು ಹೆಚ್ಚು.

ನಾನು ಗಣಿತದವಳು. ಇದು ಅಥವಾ ಅದು ಎಂದು ಹೇಳಿದರೆ ನನಗೆ ಅರ್ಥವಾಗುತ್ತದೆ. ಇದೂ ಅದೂ ಬೆರೆತದ್ದು, ಬರಬಹುದು ಬರದೆಯೂ ಇರಬಹುದು ಎಂದರೆ ನಾನೇನು ಮಾಡಲಿ? ಸಿಟ್ಟು ನೆತ್ತಿಗೇರಿತು. ಯಾರ ಮೇಲೆ ಎಂದು ಗೊತ್ತಿಲ್ಲದ ಸಿಟ್ಟು. ಅದರ ಜೊತೆಗೇ, ಸದ್ಯ ಯಾರಿಗೂ ಮೊದಲೇ ಗೊತ್ತಾಗಲಿಲ್ಲವಲ್ಲ ಎಂದು ದೇವರಿಗೆ ಕೈ ಮುಗಿಯಬೇಕು ಅನ್ನಿಸಿತು. ಗೊತ್ತಾಗಿದ್ದರೆ ಇವರು ಇಲ್ಲಿ ಕೂತಿರುತ್ತಿರಲಿಲ್ಲ. ಆಟೋದಲ್ಲಿ ವಾಪಸು ಬರುವಾಗ ಇವರೇ ಬಾಯಿಬಿಟ್ಟರು.

"ನಮ್ಮನೆಲಿ ಎಲ್ಲಾ ಮಿಶ್ರವೇ ಅಲ್ವಾ. ಗಡ್ಡೆ ಒಂದು ಶುದ್ಧ ಇರ್ಬೇಕಿತ್ತಾ?"

ನಾನು ನಗಲಿಲ್ಲ. ಅವತ್ತಿನಿಂದ ನಮ್ಮ ಮನೆಯಲ್ಲಿ ಒಂದು ಮಾತು ನಿಂತುಹೋಯಿತು. ಯಾರೂ ಬೇಡವೆಂದಿರಲಿಲ್ಲ, ಆದರೂ ಮುಂದಿನ ವರ್ಷ ಎಂದು ಯಾರೂ ಹೇಳುತ್ತಿರಲಿಲ್ಲ. ಮೇಧಾಳ ಕಾಲೇಜು, ಹೋಟೆಲಿಗೆ ಬಣ್ಣ, ಊರಿಗೆ ಹೋಗುವುದು, ಯಾವ ಮಾತು ಬಂದರೂ ಅದು ಮುಂದಿನ ಸ್ಕ್ಯಾನಿನ ಹೊಸ್ತಿಲಲ್ಲಿ ನಿಂತುಬಿಡುತ್ತಿತ್ತು.

ಅಷ್ಟರಲ್ಲಿ ಚೌತಿ ಬಂತು. ಕುಮಟಾ ಕಡೆ ಚೌತಿ ಎಂದರೆ ಗಣಪತಿಯ ತಲೆಯ ಮೇಲೆ ಫಲಾವಳಿ ಕಟ್ಟಲೇಬೇಕು. ಮರದ ಚೌಕಟ್ಟಿಗೆ ಮಾವಿನ ಸೊಪ್ಪು ಹಾಕಿ, ಹಾಗಲ, ಸೌತೆ, ತೆಂಗಿನಕಾಯಿ, ಅಡಿಕೆ ಗೊನೆ, ಕಾಡು ಹಣ್ಣು, ಆ ಕಾಲಕ್ಕೆ ತೋಟದಲ್ಲಿ ಬೆಳೆದದ್ದೆಲ್ಲವನ್ನೂ ತೂಗುಬಿಡುವುದು. ನಮ್ಮ ಫ್ಲಾಟಿನಲ್ಲಿ ತೊಲೆ ಎಲ್ಲಿಂದ ಬರಬೇಕು? ಬಟ್ಟೆ ಒಣಹಾಕಲು ಛಾವಣಿಗೆ ಕಟ್ಟಿದ ಉಕ್ಕಿನ ಸರಳುಗಳಿವೆಯಲ್ಲ, ಹಗ್ಗ ಎಳೆದರೆ ಮೇಲಕ್ಕೂ ಕೆಳಕ್ಕೂ ಹೋಗುವಂಥವು, ಅದಕ್ಕೇ ನಮ್ಮ ಫಲಾವಳಿ. ಬೇರೆ ದಿನಗಳಲ್ಲಿ ನನ್ನ ಸೀರೆ, ಇವರ ಪಂಚೆ ಒಣಗುವ ಜಾಗದಲ್ಲಿ ಚೌತಿಗೆ ಹಣ್ಣು ಹಂಪಲು. ನಡುವೆ, ಗಣಪತಿಯ ಕಿರೀಟಕ್ಕೆ ನೇರವಾಗಿ, ಎಲ್ಲಕ್ಕಿಂತ ದೊಡ್ಡದಾದ ಚಕ್ಕೋತ. ಆ ವರ್ಷ ಆಯಿ ನನ್ನ ಮೈದುನನಿಗೆ ಹೇಳಿ ಊರಿಂದ ಒಂದು ಗೋಣಿ ಚಕ್ಕೋತವನ್ನೇ ಬಸ್ಸಿಗೆ ಹಾಕಿಸಿದ್ದರು. ಮಗ ಬದುಕಿ ಬಂದಿದ್ದಾನೆ, ದೇವರಿಗೆ ಕಡಿಮೆ ಮಾಡಬಾರದು ಎಂದು.

ಪೂಜೆ ಮುಗಿಯಿತು. ಬೆಂದದ್ದನ್ನು ಬಿಟ್ಟು ಬೇರೆ ಪ್ರಸಾದ ಇವರು ಮುಟ್ಟುವ ಹಾಗಿಲ್ಲ. ಆಯಿ ಯೋಚನೆ ಮಾಡಿ ಒಂದು ಚಕ್ಕೋತ ಎತ್ತಿಕೊಂಡರು.

"ದಪ್ಪ ಸಿಪ್ಪೆ ಇದ್ದಿದ್ದು ಅಡ್ಡಿಲ್ಲೆ ಹೇಳಿದ್ದ ಅಲ್ದ? ಇದಕ್ಕಿಂತ ದಪ್ಪ ಸಿಪ್ಪೆ ಮತ್ಯಾವ ಹಣ್ಣಿಗಿದ್ದು?"

ಗಣಿತದವಳಾದ ನನಗೂ ಅದು ಸರಿಯಾದ ಲೆಕ್ಕ ಎನ್ನಿಸಿತು. ಆಯಿ ಕೈ ತೊಳೆದು, ಹಣ್ಣು ತೊಳೆದು, ಚಾಕುವನ್ನು ಕುದಿವ ನೀರಿನಲ್ಲಿ ಅದ್ದಿ, ಹಣ್ಣು ಕೊಯ್ದು, ತೊಳೆಯ ಮೇಲಿನ ಬಿಳಿ ಪೊರೆಯನ್ನೂ ಬಿಡಿಸಿ, ಕೆಂಪಗೆ ಹೊಳೆಯುವ ತಿರುಳನ್ನು ಮಗನ ಅಂಗೈಯಲ್ಲಿಟ್ಟರು. ಇವರು ಸುಮ್ಮನೆ ಬಾಯಿಗೆ ಹಾಕಿಕೊಂಡರು. ಅಗಿಯುತ್ತಿದ್ದವರು ನಿಲ್ಲಿಸಿದರು. ಕಣ್ಣು ಮುಚ್ಚಿದರು.

"ಹ್ಞಾಂ" ಎಂದರು.

ಅದು ಫೋನಿನ "ಹ್ಞಾಂ" ಆಗಿರಲಿಲ್ಲ. ನಾನು ಎಷ್ಟೋ ತಿಂಗಳಿಂದ ಕೇಳದೆ ಇದ್ದ, ಷಟರ್ ಎತ್ತಿಸುವ "ಹ್ಞಾಂ". "ಸಿಹಿ, ಹಿಂದಿಂದ ಹುಳಿ, ಕಡೆಗೆ ಒಂದು ಚೂರು ಕಹಿ. ಮೂರೂ ಬಂತು! ಆಯಿ, ಬಾಯಿಗೆ ರುಚಿ ಬಂತೇ!" ಎಂದು ಮಗುವಿನ ಹಾಗೆ ಕೂಗಿದರು. ಆಯಿ ಕಣ್ಣೊರೆಸಿಕೊಂಡು, "ತಿನ್ನು ಮಾಣಿ, ಇನ್ನೂ ಇದ್ದು" ಎಂದು ಇನ್ನೊಂದು ಹಣ್ಣಿಗೆ ಚಾಕು ಹಾಕಿದರು. ಮಣ್ಣಿನ ಗಣಪತಿಯನ್ನು ನೀರಿಗೆ ಬಿಟ್ಟ ಮೇಲೂ ಗೋಣಿಯಲ್ಲಿ ಹಣ್ಣಿತ್ತು. ಊಟಕ್ಕೆ ಮೊದಲು ಚಕ್ಕೋತ, ಊಟದ ಮೇಲೆ ಚಕ್ಕೋತ. ಆ ವಾರ ಮನೆಯೆಲ್ಲ ಅದೇ ವಾಸನೆ, ಮನೆಯೆಲ್ಲ ನಗು.

ಒಂದು ಬೆಳಿಗ್ಗೆ ಎಂದಿನ ಹಾಗೆ ಸಾಂಬಾರ್ ಬಂತು. ಇವರು ಅಂಗೈ ಚಾಚಿದರು. ಆಯಿ ಸುರಿದದ್ದು ಅಂಗೈಯಲ್ಲಿ ನಿಲ್ಲಲಿಲ್ಲ. ಕೈ ಗಡಗಡ ನಡುಗಿ ಸಾಂಬಾರ್ ಪಂಚೆಯ ಮೇಲೆಲ್ಲ ಚೆಲ್ಲಿತು. ಇನ್ನೊಂದು ಕೈಯಿಂದ ಹಿಡಿದುಕೊಳ್ಳಲು ಹೋದರು, ಅದೂ ನಡುಗುತ್ತಿತ್ತು. ಹಿಂದಿನ ದಿನದಿಂದ ತಲೆನೋವು ಎನ್ನುತ್ತಿದ್ದುದು ಆಗ ನೆನಪಾಯಿತು. ಎಲ್ಲರಿಗೂ ತಲೆಗೆ ಬಂದದ್ದು ಒಂದೇ, ಗಡ್ಡೆ ತಿರುಗಿ ಬಂತು ಎಂದು. ನನ್ನ ಹೊಲಿಗೆಯ ಗಾಯ ಎಂದೋ ಮಾಗಿತ್ತು. ಆ ಹೊತ್ತಿಗೆ ಅದು ಮತ್ತೆ ನೋಯತೊಡಗಿತು. ನಾನು ಕೊಟ್ಟದ್ದರೊಳಗೂ ಅದು ಹೊಕ್ಕಿತಾ ಎಂಬ ಯೋಚನೆ ಬಂತು.

ಅವತ್ತೇ ಆಸ್ಪತ್ರೆಗೆ ಓಡಿದೆವು, ಆಯಿ ಮಾತು ಕೇಳದೆ ಜೊತೆಗೆ ಹೊರಟರು. ರಕ್ತ ತೆಗೆದರು, ಒಂದು ಹಾಸಿಗೆ ಕೊಟ್ಟು ಮಲಗಿಸಿದರು. ಮಧ್ಯಾಹ್ನದ ಮೇಲೆ ಡಾಕ್ಟರಮ್ಮ ಬಂದು, ತಿರಸ್ಕಾರ ತಡೆಯುವ ಗುಳಿಗೆ ರಕ್ತದಲ್ಲಿ ಇರಬೇಕಾದ್ದಕ್ಕಿಂತ ವಿಪರೀತ ಏರಿದೆ, ಅದಕ್ಕೇ ನಡುಕ, ಮೂತ್ರಪಿಂಡಕ್ಕೂ ಪೆಟ್ಟು ಬೀಳುತ್ತಿದೆ ಎಂದರು. ಗುಳಿಗೆ ಹೆಚ್ಚು ತಗೊಂಡ್ರಾ? ಇಲ್ಲ. ಬೇರೆ ಔಷಧಿ? ಇಲ್ಲ. ನಾಟಿ ಮದ್ದು? "ಕಷಾಯ ಕೊಟ್ಟಿದೀರಾ, ನಿಜ ಹೇಳಿ" ಎಂದು ಆಯಿಯ ಕಡೆ ತಿರುಗಿದರು.

ಆಯಿಗೆ ತಮಿಳು ಅರ್ಥವಾಗಲಿಲ್ಲ, ಗದರಿದ್ದು ಅರ್ಥವಾಯಿತು. ನಾನು ಬಾಯಿ ತೆರೆಯುವ ಮೊದಲೇ ಮೇಧಾ ಅಜ್ಜಿಯ ಪಕ್ಕ ಕೂತು, ಹುಟ್ಟಿದಾಗಿನಿಂದ ನಮ್ಮ ಎದುರು ಒಂದು ಮಾತೂ ಆಡದ ಭಾಷೆಯಲ್ಲಿ ಕೇಳಿದಳು.

"ಅಜ್ಜಿ, ಹೆದ್ರಡ. ಅಪ್ಪಂಗೆ ಎಂತೆಂತ ತಿನ್ಲೆ ಕೊಟ್ಟೆ? ಎಲ್ಲಾ ಹೇಳು."

ಇವರು ಹಾಸಿಗೆಯ ಮೇಲೇ ತಲೆ ಎತ್ತಿ ಮಗಳನ್ನು ನೋಡಿದರು. ಆಯಿ ಒಂದೊಂದೇ ಹೇಳುತ್ತಾ ಹೋದರು, ಮೇಧಾ ತಮಿಳಿಗೆ ತಿರುಗಿಸುತ್ತಾ ಹೋದಳು. ಗಂಜಿ, ಬೇಯಿಸಿದ ಪಲ್ಯ, ಕುದಿಸಿದ ನೀರು. ಹಣ್ಣು ಮಾತ್ರ ದಪ್ಪ ಸಿಪ್ಪೆಯದು, ನೀವೇ ಹೇಳಿದ ಹಾಗೆ. ಯಾವ ಹಣ್ಣು? ಚಕ್ಕೋತ ಎಂದರೆ ಡಾಕ್ಟರಮ್ಮನಿಗೆ ತಿಳಿಯಲಿಲ್ಲ. ಆಯಿ ಎರಡೂ ಕೈ ಅಗಲಿಸಿ ಇಷ್ಟು ದೊಡ್ಡದು ಎಂದು ತೋರಿಸಿದರು, ಬೆರಳಿನಲ್ಲಿ ಸಿಪ್ಪೆಯ ದಪ್ಪ ತೋರಿಸಿದರು, ತೊಳೆ ಬಿಡಿಸುವುದನ್ನು ಗಾಳಿಯಲ್ಲೇ ಮಾಡಿ ತೋರಿಸಿದರು. ಹೆಮ್ಮೆಯಿಂದಲೇ ತೋರಿಸಿದರು, ಪಾಪ.

"ಅಯ್ಯಯ್ಯೋ, ಬಂಬ್ಳಿಮಾಸ್!" ಎಂದು ಡಾಕ್ಟರಮ್ಮ ಹಣೆ ಹಣೆ ಬಡಿದುಕೊಂಡರು. ಆಮೇಲೆ ಕುರ್ಚಿ ಎಳೆದುಕೊಂಡು ಕೂತು ನಕ್ಕರು. ನಮಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. "ಗ್ರೇಪ್‌ಫ್ರೂಟ್ ಬೇಡ ಅಂತ ಹೇಳಿದ್ವಲ್ಲಮ್ಮಾ, ಇದು ಅದರ ಅಮ್ಮ. ಅದು ಹುಟ್ಟಿದ್ದೇ ಇದರಿಂದ. ಗುಳಿಗೆ ಕರಗಿ ಹೋಗೋದನ್ನ ಈ ಹಣ್ಣು ತಡೆದು ರಕ್ತದಲ್ಲೇ ಕೂಡಿಹಾಕುತ್ತೆ." ಎಷ್ಟು ತಿಂದರು ಎಂದು ಕೇಳಿದರು. ಗೋಣಿಗೆ ತಮಿಳಿನಲ್ಲಿ ಏನನ್ನುತ್ತಾರೆ ಎಂದು ನಾನು ಹುಡುಕುತ್ತಿರುವಾಗ ಮೇಧಾ "ಮೂಟೈ" ಎಂದುಬಿಟ್ಟಳು. ಡಾಕ್ಟರಮ್ಮ ಮತ್ತೆ ನಕ್ಕರು.

ಗುಳಿಗೆಯನ್ನು ಕೆಲವು ದಿನ ನಿಲ್ಲಿಸಿ, ಡ್ರಿಪ್ ಹಾಕಿ, ದಿನಾ ರಕ್ತ ನೋಡಿದರು. ನಡುಕ ಇಳಿಯಿತು. ಮೂತ್ರಪಿಂಡ ಸುಧಾರಿಸಿತು. ಆಯಿ ಮಾತ್ರ ಸುಧಾರಿಸಿಕೊಳ್ಳಲಿಲ್ಲ. "ಆನೇ ಕೈಯಾರೆ ಕೊಟ್ಟಿ", ನಾನೇ ಕೊಟ್ಟೆನಲ್ಲ ಎಂದು ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಕೂತುಬಿಟ್ಟರು. ಊಟ ಬಿಟ್ಟರು. ಇವರು ಹಾಸಿಗೆಯಿಂದ ಕೈ ಚಾಚಿ ತಾಯಿಯ ಕೈ ಹಿಡಿದುಕೊಂಡು, "ಆಯಿ, ನೀ ಕೊಟ್ಟಿದ್ದಕ್ಕೇ ಯನ್ನ ನಾಲಿಗೆ ವಾಪಸ್ ಬಂತು. ಅದು ಯಾವ ಡಾಕ್ಟ್ರಿಂದ್ಲೂ ಆಗಿರ್ಲಿಲ್ಲೆ" ಎಂದರು. ಅದು ನಿಜವೂ ಆಗಿತ್ತು. ನಾಲಿಗೆ ಆಮೇಲೆ ಮತ್ತೆ ಸಾಯಲಿಲ್ಲ. ಹಣ್ಣಿನಿಂದಲೇ ಬಂತೋ, ಬರುವ ಹೊತ್ತಿಗೆ ಹಣ್ಣು ಸಿಕ್ಕಿತೋ, ಅದನ್ನು ಬಿಡಿಸಿ ನೋಡುವ ಹುಮ್ಮಸ್ಸು ನನಗೂ ಇರಲಿಲ್ಲ.

ಆದರೆ ನಡುಕ ಹಣ್ಣಿನದು ಎಂದ ಮಾತ್ರಕ್ಕೆ ಗಡ್ಡೆಯ ಭಯ ಹೋಗುತ್ತದೆಯೇ? ಸ್ಕ್ಯಾನ್ ಬಾಕಿ ಇತ್ತು. ಅಷ್ಟರಲ್ಲಿ ದೀಪಾವಳಿ ಹೊತ್ತಿನ ಐಪ್ಪಸಿ ಮಳೆ ಹಿಡಿಯಿತು. ಇಲ್ಲಿ ಮಳೆ ಬಂದರೆ ಕೆಲವು ದಿನ ಊರೇ ಕೆರೆ. ಸ್ಕ್ಯಾನಿನ ದಿನ ನಮ್ಮ ಗಲ್ಲಿಯಲ್ಲಿ ಮೊಣಕಾಲುದ್ದ ನೀರು. ಇವರಿಗೆ ಆ ಕೊಳಕು ನೀರಿಗೆ ಕಾಲಿಡುವ ಹಾಗಿಲ್ಲ. ಸುಬ್ರಾಯಣ್ಣ ಹೋಟೆಲಿಗೆ ತರಕಾರಿ ತರುವ, ಇಲ್ಲಿಯವರು ಮೀನುಬಾಡಿ ಎನ್ನುವ ಗಾಡಿ ತಂದ. ಮೂರು ಗಾಲಿಯ ಆ ಗಾಡಿಯ ಹಲಗೆಯ ಮೇಲೆ ಪ್ಲಾಸ್ಟಿಕ್ ಕುರ್ಚಿ ಹಾಕಿ, ಇವರನ್ನು ಕೂರಿಸಿ, ಮೇಲೆ ಕೊಡೆ ಹಿಡಿದು ದೊಡ್ಡ ರಸ್ತೆಯವರೆಗೆ ತಳ್ಳಿಕೊಂಡು ಹೋದ. ಎದುರು ಮನೆ ಮಾಮಿ ಬಾಲ್ಕನಿಯಿಂದ, ಪಿಳ್ಳೆಯಾರ್ ಹೊರಟ ಹಾಗಿದೆ ಎಂದು ಕೂಗಿದರು. ಇವರು ಕುರ್ಚಿಯಿಂದಲೇ ಮಾಮಿಗೆ ಅಭಯ ಹಸ್ತ ತೋರಿಸಿದರು.

ವರದಿ ಕೈಯಲ್ಲಿ ಹಿಡಿದು ಡಾಕ್ಟರಮ್ಮ ಒಳಗೆ ಕರೆದರು. ಅವರು ಪರದೆಯ ಮೇಲೆ ಬೂದು ಬಣ್ಣದ ಚಿತ್ರಗಳನ್ನು ಮೇಲೆ ಕೆಳಗೆ ಓಡಿಸಿದರು, ಎಲುಬು, ಶ್ವಾಸಕೋಶ, ಆಮೇಲೆ ನಾನು ಕೊಟ್ಟ ಲಿವರ್. ಅದು ಬೆಳೆದು ಜಾಗ ತುಂಬಿಕೊಂಡು ಹಾಯಾಗಿ ಕೂತಿತ್ತು.

"ಒಣ್ಣುಮಿಲ್ಲೆ ಮ್ಮಾ" ಎಂದರು. ಏನೂ ಇಲ್ಲಮ್ಮಾ.

ಹೊರಗೆ ಬಂದು ಆಯಿಗೆ ಹೇಳುವುದಕ್ಕೆ ಫೋನ್ ಮಾಡಿದೆ. ಹೇಳುವ ಮೊದಲೇ ಅತ್ತುಬಿಟ್ಟೆ. ಅತ್ತದ್ದು ಕೇಳಿ ಆ ಕಡೆ ಆಯಿ ತಪ್ಪು ತಿಳಿದುಕೊಂಡು ಗೋಳೋ ಎಂದರು. ಇವರು ಫೋನ್ ಕಿತ್ತುಕೊಂಡು, "ಆಯಿ, ಎಂತೂ ಇಲ್ಲೆ! ಎಂತೂ ಇಲ್ಲೆ!" ಎಂದು ಆಸ್ಪತ್ರೆಯ ವರಾಂಡದಲ್ಲಿ ಎಲ್ಲರೂ ತಿರುಗಿ ನೋಡುವ ಹಾಗೆ ಕೂಗಬೇಕಾಯಿತು.

ಆಮೇಲಿನ ಸ್ಕ್ಯಾನುಗಳಲ್ಲೂ ಅದೇ ಮಾತು. ಪ್ರತಿ ಸಲವೂ ಹಿಂದಿನ ವಾರ ನನಗೆ ನಿದ್ದೆ ಕಡಿಮೆ, ಇವರಿಗೆ ಮಾತು ಜಾಸ್ತಿ. ನಮ್ಮ ಹಾಗೆ ಅದೇ ಬೆಂಚಿನ ಮೇಲೆ ಕೂತಿದ್ದವರಲ್ಲಿ ಎಲ್ಲರಿಗೂ ಆ ಮಾತು ಸಿಗಲಿಲ್ಲ. ಅವರ ನೆನಪಾದರೆ ನನಗೆ ನಮ್ಮ ಅದೃಷ್ಟದ ಬಗ್ಗೆ ದೊಡ್ಡ ಬಾಯಿ ಮಾಡಲು ಮನಸ್ಸು ಬರುವುದಿಲ್ಲ. ಸ್ಕ್ಯಾನುಗಳ ನಡುವಿನ ಅಂತರ ಮೆಲ್ಲಗೆ ಉದ್ದವಾಯಿತು. ಇವರು ಹೋಟೆಲಿಗೆ ಹೋಗತೊಡಗಿದರು. ಮಾಸ್ಕ್ ಇಳಿಸಿ, ಅಂಗೈ ಚಾಚಿ, ಕಣ್ಣು ಮುಚ್ಚಿ "ಹ್ಞಾಂ" ಎಂದ ಮೊದಲ ಬೆಳಿಗ್ಗೆ ಸುಬ್ರಾಯಣ್ಣ ಸೌಟು ಕೆಳಗಿಟ್ಟು ಕಾಲಿಗೆ ಬಿದ್ದನಂತೆ. ಎದ್ದ ಮೇಲೆ ಉಪ್ಪು ಕಡಿಮೆ ಎಂದು ಬೈಸಿಕೊಂಡನಂತೆ.

ಮರುವರ್ಷ ಚೌತಿಗೆ ಆಯಿ, ಇನ್ನು ನಮ್ಮನೆ ಫಲಾವಳಿಗೆ ಚಕ್ಕೋತ ಬೇಡವೇ ಬೇಡ ಎಂದು ಹಟ ಹಿಡಿದರು. "ಆಯಿ, ಗಣಪತಿ ದೇವ್ರು ಯನ್ನ ಗುಳಿಗೆ ತಗತ್ನಿಲ್ಲೆ. ಅವಂಗೆ ಕಟ್ಟಲೆ ಅಡ್ಡಿಲ್ಲೆ" ಎಂದು ಇವರೇ ನಡುವಿಗೆ ಕಟ್ಟಿದರು. ಪೂಜೆಯಾದ ಮೇಲೆ ಅದನ್ನು ತಿನ್ನುವುದು ನನ್ನ ಪಾಲಿಗೆ ಬಂತು. ಇವರು ಎದುರು ಕೂತು ನನ್ನ ಮುಖವನ್ನೇ ನೋಡಿದರು. "ಹೇಗಿದ್ದು? ಹೇಳು" ಎಂದರು. ಆ ಆಸೆಗಣ್ಣು ನೋಡಿ ನನಗೆ ತಡೆಯಲಾಗಲಿಲ್ಲ. ಹುಳಿ, ಬಾಯಿಗಿಡೋ ಹಾಗಿಲ್ಲ ಎಂದೆ. ಅವರ ಮುಖ ಹಗುರವಾಯಿತು.

ಈ ಸಲದ್ದು ಆ ಚೌತಿಯಿಂದ ಐದನೆಯದು. ಗಲ್ಲಿಯಿಂದ ತಂದ ಎರಡರಲ್ಲಿ ದೊಡ್ಡದು ಬಟ್ಟೆ ಸರಳಿನ ನಡುವೆ ತೂಗಿತು. ಬೇರೆ ಊರಿನಲ್ಲಿ ಕೆಲಸದಲ್ಲಿರುವ ಮೇಧಾ ಫೋನಿನ ಪರದೆಯಲ್ಲಿ ಮಂಗಳಾರತಿ ನೋಡಿ ಅಜ್ಜಿಯ ಜೊತೆ ಅಜ್ಜಿಯ ಭಾಷೆಯಲ್ಲೇ ಹರಟೆ ಹೊಡೆದಳು. ನಾನು ಹಣ್ಣು ಕೊಯ್ದು ತೊಳೆ ಬಾಯಿಗಿಟ್ಟೆ. ಆ ಮಾರುವವಳು ಹೇಳಿದ್ದು ನಿಜ. ಇಷ್ಟು ವರ್ಷದಲ್ಲಿ ನಾನು ತಿಂದ ಚಕ್ಕೋತಗಳಲ್ಲೆಲ್ಲ ಅದು ಸಿಹಿ.

"ಹೇಗಿದ್ದು?"

"ಹುಳಿ ರೀ. ಮಹಾ ಹುಳಿ."

"ಹೋದ ವರ್ಷವೂ ಹುಳಿ. ಅದರ ಹಿಂದಿನ ವರ್ಷವೂ ಹುಳಿ. ನಿಂಗೆ ಒಂದು ಒಳ್ಳೆ ಹಣ್ಣು ಆರಿಸ್ಲಿಕ್ಕೆ ಬರ್ಲಿಲ್ಲ ಅಲ್ವಾ ಇಷ್ಟು ವರ್ಷದಲ್ಲಿ" ಎಂದು ತಲೆ ಅಲ್ಲಾಡಿಸಿದರು. ಆಮೇಲೆ ಎದ್ದು, ಹೋಟೆಲಿಗೆ ಹೊರಡಲು ಚಪ್ಪಲಿ ಮೆಟ್ಟುತ್ತಾ, ಹಾಲು ತಾ ಎಂದಷ್ಟೇ ಸಲೀಸಾಗಿ ಹೇಳಿದರು.

"ಅಡ್ಡಿಲ್ಲ. ಮುಂದಿನ ವರ್ಷ ನಾನೇ ಬಂದು ಆರಿಸ್ತೆ."

ನಾನು ಇನ್ನೊಂದು ತೊಳೆ ಬಾಯಿಗೆ ಹಾಕಿಕೊಂಡು ಮುಖ ಹುಳಿ ಮಾಡಿದೆ.